ಮನೆಯಿಂದ ಕೆಲಸ: ಒಪ್ಪುವವರು ಯಾರು, ಒಲ್ಲದವರು ಯಾರು?



ಓದು ಮುಗಿಸಿದ ನಿಮಗೆ ಒಂದು ಕೆಲಸ ಸಿಕ್ಕಿದೆ ಎಂದು ಭಾವಿಸಿಕೊಳ್ಳಿ. ನೇಮಕಾತಿ ಪತ್ರದ ಜೊತೆಗೆ ಒಂದು ಸಣ್ಣ ನಮೂನೆ ಬಂದಿದೆ. ಅದರಲ್ಲಿ ಒಂದೇ ಪ್ರಶ್ನೆ: 'ನೀವು ದಿನವೂ ಕಚೇರಿಗೆ ಬರಲು ಇಷ್ಟಪಡುತ್ತೀರೋ, ಮನೆಯಿಂದಲೇ ಕೆಲಸ ಮಾಡಲು ಇಷ್ಟಪಡುತ್ತೀರೋ?' ನೀವು ಯಾವುದಕ್ಕೆ ಗುರುತು ಹಾಕುತ್ತೀರಿ?

ನಿಮ್ಮ ತರಗತಿಯಲ್ಲೇ ಈ ಪ್ರಶ್ನೆ ಕೇಳಿ ನೋಡಿ. ಬಸ್ಸಿನ ನೂಕುನುಗ್ಗಲು ತಪ್ಪಿತೆಂದು ಕೆಲವರು ತಟ್ಟನೆ 'ಮನೆ' ಎನ್ನುತ್ತಾರೆ. ನಾಲ್ಕು ಜನರ ಒಡನಾಟವಿಲ್ಲದೆ ಕೆಲಸ ಮಾಡುವುದು ಹೇಗೆಂದು ಇನ್ನು ಕೆಲವರು 'ಕಚೇರಿ' ಎನ್ನುತ್ತಾರೆ. ಈ ವ್ಯತ್ಯಾಸ ಏಕೆಂದರೆ 'ಅದು ಅವರವರ ಸ್ವಭಾವ' ಎಂಬ ಉತ್ತರ ಬರಬಹುದು. ಮನೆಯಲ್ಲಿ ಕುಳಿತು ಕೆಲಸ ಮಾಡುತ್ತೇನೆನ್ನುವವರು ಮೈಗಳ್ಳರು ಎನ್ನುವ ಹಿರಿಯರೂ ಉಂಟು. ಈ ಎರಡು ಮಾತುಗಳೂ ಪೂರ್ತಿ ಸರಿಯಲ್ಲ. ನಮೂನೆಯ ಮೇಲೆ ಗುರುತು ಹಾಕುವುದು ನೌಕರನ ಕೈಯೇ ಆದರೂ ಆ ಕೈಯನ್ನು ನಡೆಸುವ ಸಂಗತಿಗಳು ಹಲವು. ಅವು ಯಾವುವು ಎಂಬುದನ್ನು ಕೆಲವು ಪ್ರಯೋಗಗಳ ಮೂಲಕ ತಿಳಿಯೋಣ.

ಕೆಲಸವೇ ಪ್ರಯಾಣ ಮಾಡಲಿ

ಈ ವಿಚಾರ ಹೊಸದಲ್ಲ. 1973ರಲ್ಲಿ ಜಗತ್ತಿಗೆ ತೈಲದ ಬಿಕ್ಕಟ್ಟು ಎದುರಾಯಿತು. ಅದೇ ವರ್ಷ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಜಾಕ್ ನಿಲ್ಸ್ ಎಂಬ ಎಂಜಿನಿಯರು ಒಂದು ಸರಳ ಪ್ರಶ್ನೆ ಕೇಳಿದರು. ಕಚೇರಿಯಲ್ಲಿ ಬಹುಪಾಲು ಜನ ಮಾಡುವುದು ಮಾಹಿತಿಯ ಕೆಲಸ. ಮಾಹಿತಿ ತಂತಿಯ ಮೂಲಕ ಹೋಗಬಲ್ಲದು. ಹಾಗಿರುವಾಗ ಮನುಷ್ಯನನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ಮನುಷ್ಯನ ಬಳಿಗೆ ಕಳುಹಿಸಬಾರದೇಕೆ? ಇದಕ್ಕೆ ಅವರು 'ಟೆಲಿಕಮ್ಯೂಟಿಂಗ್' ಎಂದು ಹೆಸರಿಟ್ಟರು.

ಕೆಲಸ ಹೀಗೆ ಪ್ರಯಾಣ ಮಾಡಿದ ಒಂದು ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆ ಇಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಇಲ್ಲಿನ ಎಂಜಿನಿಯರುಗಳ ಕೆಲಸ ಉಪಗ್ರಹದ ಮೂಲಕ ಸಾಗರ ದಾಟತೊಡಗಿತು. ಆದರೆ ಆ ಎಂಜಿನಿಯರುಗಳು ಕಚೇರಿಗೆ ಬರಲೇಬೇಕಾಗಿತ್ತು. ಉಪಗ್ರಹದ ಸಂಪರ್ಕವಿದ್ದುದು ಕಚೇರಿಗೆ, ಮನೆಗಲ್ಲ. ಆ ಸೌಲಭ್ಯ ಮನೆಮನೆಗೆ ಬರಲು ಮುಂದೆ ಎಷ್ಟೋ ವರ್ಷ ಹಿಡಿಯಿತು. 2020ರ ಮಾರ್ಚ್ 25ರಂದು ಕೋವಿಡ್ ಕಾರಣದಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಲಕ್ಷಾಂತರ ನೌಕರರು ಮನೆಯಲ್ಲೇ ಕಂಪ್ಯೂಟರ್ ತೆರೆದು ಕುಳಿತರು. ಆದರೆ ಆಗ ಯಾರೂ ಅವರ ಇಷ್ಟವನ್ನು ಕೇಳಿರಲಿಲ್ಲ. ನೌಕರರ ಮನಸ್ಸನ್ನು ತಿಳಿಯಬೇಕಾದರೆ ಇಷ್ಟವನ್ನು ಕೇಳಿದ ಕಡೆಗೇ ಹೋಗಬೇಕು.

ಶಾಂಘೈ ನಗರದ ಪ್ರಯೋಗ

ಚೀನಾದ ಶಾಂಘೈ ನಗರದಲ್ಲಿ ಸಿಟ್ರಿಪ್ ಎಂಬ ದೊಡ್ಡ ಪ್ರವಾಸ ಸಂಸ್ಥೆಯಿದೆ. ಫೋನಿನಲ್ಲಿ ವಿಮಾನದ ಟಿಕೆಟ್ ಮತ್ತು ಹೋಟೆಲ್ ಕೋಣೆ ಕಾಯ್ದಿರಿಸಿಕೊಡುವುದು ಅದರ ನೌಕರರ ಕೆಲಸ. 2010ರಲ್ಲಿ ಆ ವಿಭಾಗಗಳ 996 ನೌಕರರಿಗೆ 'ವಾರದಲ್ಲಿ ನಾಲ್ಕು ದಿನ ಮನೆಯಿಂದ ಕೆಲಸ ಮಾಡುತ್ತೀರಾ?' ಎಂದು ಕೇಳಲಾಯಿತು. ಒಪ್ಪಿದವರು 503 ಮಂದಿ, ಅಂದರೆ ಸುಮಾರು ಅರ್ಧದಷ್ಟು. ಹೆಚ್ಚಾಗಿ ಒಪ್ಪಿದವರು ಯಾರು? ಕಚೇರಿಯಿಂದ ದೂರ ಇದ್ದವರು, ಮನೆಯಲ್ಲಿ ಸ್ವಂತ ಕೋಣೆ ಇದ್ದವರು. ಸ್ವಭಾವಕ್ಕಿಂತ ಮೊದಲು ರಸ್ತೆ ಮತ್ತು ಗೋಡೆ ಮಾತನಾಡಿದ್ದವು!

ಪ್ರತ್ಯೇಕ ಕೋಣೆ, ಇಂಟರ್ನೆಟ್ ಸಂಪರ್ಕ ಮತ್ತು ಆರು ತಿಂಗಳ ಅನುಭವ ಇವು ಮೂರೂ ಇದ್ದವರನ್ನು ಆರಿಸಿದಾಗ 249 ಮಂದಿ ಉಳಿದರು. ಇಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಕ್ರಮವನ್ನು ಅನುಸರಿಸಿದರು. ಹುಟ್ಟಿದ ದಿನಾಂಕ ಸರಿಸಂಖ್ಯೆಯಾದವರು ಮನೆಗೆ, ಬೆಸಸಂಖ್ಯೆಯಾದವರು ಕಚೇರಿಗೆ. ಹೀಗೇಕೆ? ಕೇಳಿದವರನ್ನೆಲ್ಲ ಮನೆಗೆ ಕಳುಹಿಸಿ, ಕೇಳದವರೊಡನೆ ಹೋಲಿಸಿದರೆ, ವ್ಯತ್ಯಾಸ ಸ್ಥಳದಿಂದ ಬಂತೋ ವ್ಯಕ್ತಿಯಿಂದ ಬಂತೋ ಹೇಳಲಾಗದು. ಹುಟ್ಟಿದ ದಿನಾಂಕಕ್ಕೂ ಕೆಲಸದ ಚುರುಕಿಗೂ ಸಂಬಂಧವಿಲ್ಲದ ಕಾರಣ ಎರಡು ಗುಂಪುಗಳೂ ಸಮನಾಗುತ್ತವೆ.

ಒಂಬತ್ತು ತಿಂಗಳ ನಂತರ ನೋಡಿದಾಗ ಮನೆಯಲ್ಲಿದ್ದವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ನಡುನಡುವೆ ಎದ್ದು ಹೋಗುವುದು ಮತ್ತು ಅನಾರೋಗ್ಯದ ರಜೆ ಕಡಿಮೆಯಾದದ್ದು ಇದಕ್ಕೆ ಮುಖ್ಯ ಕಾರಣ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕಿಳಿದಿತ್ತು. ಮೈಗಳ್ಳರೆಂಬ ಆರೋಪ ಇಲ್ಲಿ ನಿಲ್ಲಲಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಪ್ರಯೋಗ ಮುಗಿದ ಮೇಲೆ ಎಲ್ಲರಿಗೂ ಮತ್ತೆ ಆಯ್ಕೆ ಕೊಟ್ಟರು. ಆಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಚೇರಿಗೇ ಹಿಂತಿರುಗಿದರು! ಒಂಬತ್ತು ತಿಂಗಳ ಹಿಂದೆ ತಾವೇ ಕೈಯೆತ್ತಿ ಕೇಳಿಕೊಂಡವರು ಇವರು. ಮನಸ್ಸು ಬದಲಾಗಲು ಮುಖ್ಯ ಕಾರಣ ಒಂಟಿತನ. ಜೊತೆಗೆ, ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವ ಸಂಭವ ಕಡಿಮೆಯಿತ್ತು. ಕಣ್ಣಿಗೆ ಬೀಳದವರನ್ನು ಮೇಲಧಿಕಾರಿ ಮರೆಯುತ್ತಾನೆ ಎಂಬ ಅಂಜಿಕೆ ಬರಿಯ ಕಲ್ಪನೆಯಾಗಿರಲಿಲ್ಲ. ಹೀಗೆ ಅನುಭವದ ಮೇಲೆ ಮತ್ತೊಮ್ಮೆ ಆರಿಸಿಕೊಂಡಾಗ ಮನೆಯ ಕೆಲಸದ ಲಾಭ ಶೇ. 13ರಿಂದ 22ರಷ್ಟಕ್ಕೆ ಏರಿತು. ತನಗೆ ಯಾವುದು ಒಗ್ಗುತ್ತದೆ ಎಂಬುದು ಮಾಡಿ ನೋಡಿದ ಮೇಲೆಯೇ ಬಹಳ ಮಂದಿಗೆ ಗೊತ್ತಾಗುತ್ತದೆ ಎಂದಾಯಿತು.

ತಕ್ಕಡಿಯ ಎರಡು ತಟ್ಟೆಗಳು

ನೌಕರನ ಮನಸ್ಸಿನಲ್ಲಿ ಒಂದು ತಕ್ಕಡಿ ಇದೆ ಎಂದುಕೊಳ್ಳಿ. ಅದರ ತಟ್ಟೆಗಳಲ್ಲಿ ಏನೇನು ಬೀಳುತ್ತದೆ?

ಮೊದಲನೆಯದು ಕೆಲಸದ ಸ್ವರೂಪ. ಟೆಲಿವಿಷನ್ ಕೇಂದ್ರವನ್ನೇ ನೋಡಿ. ಕಾರ್ಯಕ್ರಮದ ಬರಹವನ್ನು ಮನೆಯಲ್ಲಿ ಸಿದ್ಧಪಡಿಸಬಹುದು, ಸಂಕಲನವನ್ನೂ ಮಾಡಬಹುದು. ಆದರೆ ಕ್ಯಾಮೆರಾ ಹಿಡಿಯುವವರು, ದೀಪಗಳನ್ನು ಹೊಂದಿಸುವವರು ಸ್ಟುಡಿಯೋಗೆ ಬರಲೇಬೇಕು. ಅಮೆರಿಕದಂತಹ ದೇಶದಲ್ಲೂ ಪೂರ್ತಿಯಾಗಿ ಮನೆಯಿಂದ ಮಾಡಬಲ್ಲ ಉದ್ಯೋಗಗಳು ಸುಮಾರು ಶೇ. 37 ಮಾತ್ರ ಎಂದು 2020ರ ಒಂದು ಅಧ್ಯಯನ ಲೆಕ್ಕ ಹಾಕಿತು. ಉಳಿದವರಿಗೆ ನಮ್ಮ ಆ ನಮೂನೆ ಬರುವುದೇ ಇಲ್ಲ.

ಎರಡನೆಯದು ದಾರಿ. 2021 ಮತ್ತು 2022ರಲ್ಲಿ 27 ದೇಶಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಮನೆಯಿಂದ ಕೆಲಸ ಮಾಡಿದ ದಿನ ಒಬ್ಬರಿಗೆ ಸರಾಸರಿ 72 ನಿಮಿಷದ ಪ್ರಯಾಣ ಉಳಿಯುತ್ತದೆ. ಭಾರತದಲ್ಲಿ ಉಳಿಯುವುದು ಸುಮಾರು 100 ನಿಮಿಷ. ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಸಂಜೆ ಸಿಕ್ಕಿಹಾಕಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದ ಸಮಯದ ಸುಮಾರು ಶೇ. 40 ಭಾಗ ಮತ್ತೆ ಕೆಲಸಕ್ಕೇ ಹೋಗುತ್ತದೆ ಎಂದೂ ಆ ಸಮೀಕ್ಷೆ ಹೇಳುತ್ತದೆ.

ಮೂರನೆಯದು ಹಣ. ಅಮೆರಿಕದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದವರ ಮುಂದೆ ಬೇರೆ ಬೇರೆ ಸಂಬಳ ಮತ್ತು ಷರತ್ತುಗಳನ್ನಿಟ್ಟು ನೋಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮನೆಯಿಂದ ಕೆಲಸ ಮಾಡುವ ಅವಕಾಶಕ್ಕಾಗಿ ಅವರು ಸರಾಸರಿ ಶೇ. 8ರಷ್ಟು ಸಂಬಳ ಬಿಡಲು ಸಿದ್ಧರಿದ್ದರು. ಇದು ಸರಾಸರಿ ಮಾತ್ರ. ಎಲ್ಲರ ತಕ್ಕಡಿಯೂ ಒಂದೇ ಬಗೆಯಲ್ಲಿ ವಾಲುವುದಿಲ್ಲ.

ನಾಲ್ಕನೆಯದು ಕಲಿಕೆ. ಹೊಸದಾಗಿ ಕೆಲಸಕ್ಕೆ ಸೇರುವ ನಿಮಗೆ ಇದು ಮುಖ್ಯ. ಅಮೆರಿಕದ ಒಂದು ದೊಡ್ಡ ಸಂಸ್ಥೆಯ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಅಧ್ಯಯನ ಮಾಡಿದಾಗ, ತಮ್ಮ ತಂಡದವರೆಲ್ಲ ಒಂದೇ ಕಟ್ಟಡದಲ್ಲಿದ್ದವರಿಗೆ ತಮ್ಮ ಕೆಲಸದ ಬಗ್ಗೆ ಹೆಚ್ಚು ಸಲಹೆ, ತಿದ್ದುಪಡಿ ಸಿಗುತ್ತಿತ್ತು. ಇದರ ಲಾಭ ಹೆಚ್ಚಾಗಿ ಸಿಕ್ಕಿದ್ದು ಹೊಸಬರಿಗೆ. ಆದರೆ ಹಾಗೆ ಹೇಳಿಕೊಡುವ ಹಿರಿಯರ ಸ್ವಂತ ಕೆಲಸ ಅಷ್ಟು ಹಿಂದೆ ಬೀಳುತ್ತಿತ್ತು. ಆದ್ದರಿಂದ ಅನುಭವಿ ಹಿರಿಯರಿಗೆ ಮನೆ ಹಿತವೆನಿಸುವ ಹೊತ್ತಿನಲ್ಲೇ ಕಿರಿಯರಿಗೆ ಆ ಹಿರಿಯರು ಪಕ್ಕದಲ್ಲಿರುವುದು ಅಗತ್ಯವಾಗಿರಬಹುದು.

ಇಷ್ಟವೋ, ಅನಿವಾರ್ಯವೋ?

ಈಗ ಚೀನಾದಿಂದ ನಮ್ಮ ನೆರೆಯ ಚೆನ್ನೈಗೆ ಬರೋಣ. ಅಲ್ಲಿ ಕಂಪ್ಯೂಟರಿಗೆ ಅಂಕಿ ಅಂಶ ತುಂಬುವ ಕೆಲಸಕ್ಕೆ ಹೊಸಬರನ್ನು ತೆಗೆದುಕೊಂಡು, ಕೆಲವರನ್ನು ಮನೆಗೆ, ಕೆಲವರನ್ನು ಕಚೇರಿಗೆ ಚೀಟಿ ಎತ್ತುವಂತೆ ಹಂಚಿದರು. 2023ರಲ್ಲಿ ಹೊರಬಂದ ಇದರ ಫಲಿತಾಂಶ ಶಾಂಘೈಗೆ ವಿರುದ್ಧ. ಮನೆಯಲ್ಲಿದ್ದವರ ಕೆಲಸ ಶೇ. 18ರಷ್ಟು ಕಡಿಮೆ. ಎರಡೂ ಪ್ರಯೋಗಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಶಾಂಘೈಯವರು ಅನುಭವಿಗಳು, ಅವರಿಗೆ ಪ್ರತ್ಯೇಕ ಕೋಣೆ ಇರಲೇಬೇಕೆಂಬ ಷರತ್ತೂ ಇತ್ತು.

ಆದರೆ ನಿಜವಾದ ಒಗಟು ಬೇರೆ. ಕೆಲಸ ಹಂಚುವ ಮೊದಲೇ ಅವರೆಲ್ಲರ ಇಷ್ಟವನ್ನು ಕೇಳಿಟ್ಟುಕೊಂಡಿದ್ದರು. ಕಚೇರಿ ಬೇಕೆಂದವರು ಮನೆಯಲ್ಲಿ ಕುಳಿತಾಗ ಕಚೇರಿಗಿಂತ ಶೇ. 13ರಷ್ಟು ಹಿಂದೆ ಬಿದ್ದರೆ, ಮನೆಯೇ ಬೇಕೆಂದವರು ಶೇ. 27ರಷ್ಟು ಹಿಂದೆ ಬಿದ್ದರು. ಹಾಗೆಂದು ಅವರು ದಡ್ಡರಲ್ಲ. ಆರಂಭದ ಪರೀಕ್ಷೆಯಲ್ಲಿ ಉಳಿದವರಿಗಿಂತ ಚುರುಕಾಗಿದ್ದವರೇ ಅವರು. ಎಲ್ಲಿ ತಮ್ಮ ಕೆಲಸ ಹೆಚ್ಚು ಕುಂಟುತ್ತದೋ ಅದೇ ಜಾಗವನ್ನು ಅವರು ಕೇಳಿಕೊಂಡದ್ದೇಕೆ?

ಉತ್ತರದ ಒಂದು ಭಾಗ ಅವರ ಮನೆಯೊಳಗಿತ್ತು. ಎಳೆಯ ಮಕ್ಕಳಿದ್ದವರು, ಮನೆಯವರ ಆರೈಕೆಯ ಹೊಣೆ ಹೊತ್ತವರು, ಬಡ ಕುಟುಂಬದವರು. ಇವರಿಗೆ ಕಚೇರಿಗೆ ಹೊರಡುವುದೇ ಕಷ್ಟ. ಯಾವ ಮಗು ಅವರನ್ನು ಮನೆಯಲ್ಲಿ ಕಟ್ಟಿಹಾಕಿತೋ ಅದೇ ಮಗು ಕೆಲಸದ ನಡುವೆ ಸೆರಗು ಹಿಡಿದು ಜಗ್ಗುತ್ತದೆ. ಅವರು 'ಮನೆ' ಎಂದು ಗುರುತು ಹಾಕಿದ್ದು ಇಷ್ಟದಿಂದಲ್ಲ, ಬೇರೆ ದಾರಿಯಿಲ್ಲದೆ.

ಹಾಗಾದರೆ ಇಂತಹ ಕೆಲಸ ಬೇಡವೇ? ಹಾಗೆನ್ನುವಂತಿಲ್ಲ. ಪಶ್ಚಿಮ ಬಂಗಾಳದಲ್ಲಿ ಮಹಿಳೆಯರಿಗೆ ಇಂತಹುದೇ ಕೆಲಸವನ್ನು ಕೊಡಲು ಹೋದಾಗ, ಕಚೇರಿಯ ಕೆಲಸವನ್ನು ಒಪ್ಪಿದವರು ಶೇ. 15 ಮಾತ್ರ. ಮನೆಯಲ್ಲೇ, ಬಿಡುವಾದಾಗ, ಮಕ್ಕಳನ್ನು ನೋಡಿಕೊಳ್ಳುತ್ತ ಮಾಡಬಹುದೆಂದಾಗ ಒಪ್ಪಿದವರು ಶೇ. 48. ಹೀಗೆ ಮನೆಯಲ್ಲಿ ಕೆಲಸ ಆರಂಭಿಸಿದವರಲ್ಲಿ ಕೆಲವರು ಮುಂದೆ ಹೊರಗಿನ ಕೆಲಸಕ್ಕೂ ಮನಸ್ಸು ಮಾಡಿದರು. ನಮ್ಮ ದೇಶದ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯೂ, ಕೆಲಸದ ಸ್ವರೂಪ ಅವಕಾಶ ಕೊಡುವುದಾದರೆ, ರಜೆಯ ನಂತರ ಪರಸ್ಪರ ಒಪ್ಪಿಗೆಯ ಮೇಲೆ ಮನೆಯಿಂದ ದುಡಿಯಬಹುದೆಂದು ಹೇಳಿತು. ಮನೆಯ ಕೆಲಸ ಹೊರಜಗತ್ತಿಗೆ ಮೊದಲ ಮೆಟ್ಟಿಲಾಗಬಹುದು. ಆದರೆ 'ಮನೆಯಲ್ಲೇ ಕೆಲಸವಿದೆಯಲ್ಲ, ಹೊರಗೇಕೆ ಹೋಗಬೇಕು?' ಎಂದು ಬಾಗಿಲು ಮುಚ್ಚುವ ನೆಪವಾಗಬಾರದು. ಓದುತ್ತಿರುವ ಹೆಣ್ಣುಮಕ್ಕಳು ಈ ಭೇದವನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ನಡುವಿನ ದಾರಿ

ಸಿಟ್ರಿಪ್ ಸಂಸ್ಥೆ ಮುಂದೆ ಟ್ರಿಪ್ ಡಾಟ್ ಕಾಮ್ ಎಂದಾಯಿತು. 2021 ಮತ್ತು 2022ರಲ್ಲಿ ಅದು ತನ್ನ 1,612 ನೌಕರರ ಮೇಲೆ ಇನ್ನೊಂದು ಪ್ರಯೋಗ ನಡೆಸಿತು. ಈ ಸಲ ಮನೆಯಿಂದ ಕೆಲಸ ವಾರದಲ್ಲಿ ಎರಡೇ ದಿನ. ಕೆಲಸ ಬಿಡುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿಯಿತು. ಮುಖ್ಯವಾಗಿ ಮಹಿಳೆಯರಲ್ಲಿ ಮತ್ತು ದೂರದಿಂದ ಬರುವವರಲ್ಲಿ. ಕೆಲಸದ ಗುಣಮಟ್ಟಕ್ಕಾಗಲಿ ಬಡ್ತಿಗಾಗಲಿ ಧಕ್ಕೆ ಬರಲಿಲ್ಲ. ಆರಂಭದಲ್ಲಿ 'ಇದರಿಂದ ಕೆಲಸ ಕೆಡುತ್ತದೆ' ಎಂದಿದ್ದ ಮೇಲಧಿಕಾರಿಗಳೂ ಕೊನೆಗೆ 'ಸ್ವಲ್ಪ ಲಾಭವೇ ಆಯಿತು' ಎಂದರು. ನೌಕರರಂತೆ ಅಧಿಕಾರಿಗಳ ಮನಸ್ಸನ್ನೂ ಅನುಭವವೇ ಬದಲಾಯಿಸಿತು.

ಈಗ ಮತ್ತೆ ನಿಮ್ಮ ಮುಂದಿರುವ ನಮೂನೆಗೆ ಬನ್ನಿ. ಗುರುತು ಹಾಕುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಬಾಗಿಲು ಹಾಕಿಕೊಂಡು ಕೂರಲು ನನಗೆ ಮನೆಯಲ್ಲಿ ಜಾಗವಿದೆಯೇ? ದಾರಿಯಲ್ಲಿ ನನ್ನ ದಿನದ ಎಷ್ಟು ಹೊತ್ತು ಹೋಗುತ್ತದೆ? ಕೆಲಸವನ್ನು ನನಗೆ ಹೇಳಿಕೊಡುವವರು ಎಲ್ಲಿ ಕೂರುತ್ತಾರೆ? ಈ ಆಯ್ಕೆ ನಾನು ಮಾಡುತ್ತಿರುವುದೋ, ನನಗಾಗಿ ಮನೆಯವರು ಮಾಡುತ್ತಿರುವುದೋ? ಉತ್ತರ ಯಾವುದೇ ಆಗಲಿ, ಕೆಲವು ತಿಂಗಳ ನಂತರ ಅದನ್ನು ಬದಲಾಯಿಸಲು ಅವಕಾಶ ಉಂಟೇ ಎಂದು ಸಂಸ್ಥೆಯವರನ್ನು ಕೇಳಲು ಮಾತ್ರ ಮರೆಯಬೇಡಿ. ಶಾಂಘೈ ನಗರದಲ್ಲಿ ಹೆಚ್ಚಿನ ಲಾಭ ತಂದದ್ದು ಮನೆಯಲ್ಲ, ಅನುಭವದ ಮೇಲೆ ಮಾಡಿದ ಎರಡನೆಯ ಆಯ್ಕೆ.