ಅಭಿಮಾನಿ ಬರೆದ ಕಥೆಯನ್ನು ಮೂಲ ಲೇಖಕರು ಓದಬಹುದೆ? ಐದು ತಪ್ಪು ಕಲ್ಪನೆಗಳು

ಕಾದಂಬರಿ ಮುಗಿದ ಮೇಲೂ ಅದರ ಪಾತ್ರಗಳು ಕೆಲವು ಓದುಗರನ್ನು ಬಿಡುವುದಿಲ್ಲ. ಸತ್ತವನನ್ನು ಬದುಕಿಸಿ, ಅಗಲಿದವರನ್ನು ಕೂಡಿಸಿ, ಮೂಲದಲ್ಲಿ ನಾಲ್ಕು ಮಾತಾಡಿ ಮರೆಯಾದವಳಿಗೆ ಒಂದು ಪೂರ್ತಿ ಬದುಕು ಕೊಟ್ಟು ಅವರು ತಾವೇ ಕಥೆ ಬರೆಯುತ್ತಾರೆ. ಫ್ಯಾನ್ ಫಿಕ್ಷನ್ ಎಂದು ಹೆಸರಾದ ಈ ಬಗೆಯನ್ನು ಇಲ್ಲಿ ಅಭಿಮಾನಿ ಬರಹ ಎಂದು ಕರೆಯೋಣ. ಇಂಥ ಬರಹ ಕೈಗೆ ಬಂದರೆ ಮೂಲ ಲೇಖಕರು ಓದಬೇಕೆ, ತೆರೆಯದೆ ಬದಿಗಿಡಬೇಕೆ ಎಂಬ ಪ್ರಶ್ನೆಗೆ ಎರಡು ಕಡೆಯಿಂದಲೂ ಖಡಾಖಂಡಿತ ಉತ್ತರಗಳು ಬರುತ್ತವೆ. ಆ ಉತ್ತರಗಳ ಬುಡದಲ್ಲಿ ಕೆಲವು ತಪ್ಪು ಕಲ್ಪನೆಗಳಿವೆ. ಅವನ್ನು ಒಂದೊಂದಾಗಿ ಪರೀಕ್ಷಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ತೊಂದರೆ ಹುಟ್ಟಿರುವುದು ಓದಿದ್ದರಿಂದಲ್ಲ, ಓದಿದ್ದಕ್ಕೂ ಬರೆದದ್ದಕ್ಕೂ ಇರುವ ನಂಟನ್ನು ತೆರೆದು ಹೇಳದೆ ಇದ್ದುದರಿಂದ.

ತಪ್ಪು ಕಲ್ಪನೆ 1: ಅಭಿಮಾನಿ ಬರಹ ಇತ್ತೀಚಿನ ಚಾಳಿ, ನಮ್ಮದಲ್ಲ.

ಸತ್ಯ: ಇದಕ್ಕೆ ಉತ್ತರ ತುಮಕೂರು ಜಿಲ್ಲೆಯಲ್ಲೇ ಇದೆ. ಆ ಜಿಲ್ಲೆಯ ಒಂದು ಕಡೆ ತುಮಕೂರು ಪಕ್ಕದ ಗೂಳೂರು, ಇನ್ನೊಂದು ಕಡೆ ಕುಣಿಗಲ್ ತಾಲ್ಲೂಕಿನ ಎಡೆಯೂರು. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ಕಟ್ಟಿದ ಶೂನ್ಯಸಂಪಾದನೆ ಕನ್ನಡದ ದೊಡ್ಡ ಕೃತಿಗಳಲ್ಲಿ ಒಂದು. ಅದನ್ನು ಕಟ್ಟಿದ ಬಗೆ ಗಮನಿಸಬೇಕು. 12ನೇ ಶತಮಾನದ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದ ವಚನಗಳನ್ನು ಪ್ರಶ್ನೆ ಉತ್ತರಗಳಾಗಿ ಜೋಡಿಸಿ, ನಡುವೆ ಗದ್ಯದ ಕೊಂಡಿ ಹಾಕಿ, ಒಂದು ಸಭೆಯನ್ನೇ ಕಣ್ಣಮುಂದೆ ನಿಲ್ಲಿಸಲಾಗಿದೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬರುತ್ತಾಳೆ. ಸೀರೆಯನ್ನು ತೊರೆದವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ ಎಂದು ಅಲ್ಲಮ ಕೆಣಕುತ್ತಾನೆ. ಅವಳ ವಚನವೇ ಅವನಿಗೆ ಉತ್ತರವಾಗುತ್ತದೆ. ವಚನ ಅಕ್ಕನದು, ಮಾತಿಗೆ ಮಾತು ಬೆಳೆದು ಬಿಗಿಯಾಗುವ ಆ ನಾಟಕ ಸಂಪಾದನಕಾರರದು. ಮೆಚ್ಚಿದ ಪಾತ್ರಗಳನ್ನು ತನ್ನ ಕಲ್ಪನೆಯ ರಂಗಕ್ಕೆ ತಂದು ಮಾತಾಡಿಸುವ ಕೆಲಸ ಇದೇ ಅಲ್ಲವೆ?

ಇದು ಒಬ್ಬರಿಗೇ ನಿಲ್ಲಲಿಲ್ಲ. ಮೊದಲ ಶೂನ್ಯಸಂಪಾದನೆ 15ನೇ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನದು. ಹಲಗೆಯಾರ್ಯ ಅದನ್ನು ಓದಿದ; ಸಿದ್ಧರಾಮನಿಗೆ ಚೆನ್ನಬಸವಣ್ಣನಿಂದ ಲಿಂಗದೀಕ್ಷೆಯಾಯಿತು ಎಂಬ ಪ್ರಸಂಗವನ್ನು ಒಪ್ಪದೆ ಅದನ್ನು ಕೈಬಿಟ್ಟು ತನ್ನದೊಂದು ಕಟ್ಟಿದ. ಗುಮ್ಮಳಾಪುರದ ಸಿದ್ಧಲಿಂಗ ಅದನ್ನು ಮತ್ತೆ ಸೇರಿಸಿದ. ನಾಲ್ಕನೆಯವರಾಗಿ ಗೂಳೂರಿನವರು ಬಂದರು. ಇದಕ್ಕೂ ಹಿಂದೆ ಹರಿಹರನ ರಗಳೆಯಲ್ಲಿ ಅಲ್ಲಮ ಕಮಲತೆಯನ್ನು ಪ್ರೀತಿಸಿ, ಅವಳನ್ನು ಕಳೆದುಕೊಂಡು ಗೋಳಾಡಿದವನು. ಚಾಮರಸನ ಪ್ರಭುಲಿಂಗಲೀಲೆಯ ಅಲ್ಲಮನಾದರೋ ಮಾಯೆಯ ಕೈಗೆ ಸಿಗದೆ ಉಳಿದವನು. ತನಗೆ ಪ್ರಿಯನಾದ ನಾಯಕ ಹೀಗಿರಲು ಸಾಧ್ಯವಿಲ್ಲ ಎಂದು ಕಥೆಯನ್ನೇ ತಿದ್ದಿ ಬರೆಯುವುದು ಅಭಿಮಾನಿ ಬರಹದ ಮೂಲ ಗುಣ. ನಮ್ಮ ಭಾಷೆಯಲ್ಲಿ ಅದಕ್ಕೆ ಆರು ನೂರು ವರ್ಷ ತುಂಬುತ್ತ ಬಂದಿದೆ.

ಈ ಗುಣ ರಂಗಭೂಮಿಯಲ್ಲಿ ಈಗಲೂ ಜೀವಂತ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಗೆ ಬಿ. ಪುಟ್ಟಸ್ವಾಮಯ್ಯನವರು ‘ಕುರುಕ್ಷೇತ್ರ’ ಬರೆದುಕೊಟ್ಟರು. ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳಿಗೆ ಕುರುಕ್ಷೇತ್ರ ನಾಟಕ ಇಂದಿಗೂ ರಂಗವೇರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಪಾತ್ರಧಾರಿಯ ಕಂಠ ನೋಡಿ ದುರ್ಯೋಧನನಿಗೆ ಇನ್ನೊಂದು ರಂಗಗೀತೆ ಸೇರಿಸುತ್ತಾರೆ, ಎಲ್ಲೋ ಒಂದು ಸಂಭಾಷಣೆಯನ್ನು ಹಿಗ್ಗಿಸುತ್ತಾರೆ. ಜನ ಅದನ್ನು ಕಳವು ಎನ್ನುವುದಿಲ್ಲ. ಅದು ಯಾರಿಗೂ ಮುಚ್ಚಿಟ್ಟ ಸಂಗತಿಯಲ್ಲ.

ತಪ್ಪು ಕಲ್ಪನೆ 2: ಓದಿದರೆ ನಾಳೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಸತ್ಯ: ಇದು ಹೆಚ್ಚು ಜನ ಹೇಳುವ ಕಾರಣ, ಪೂರ್ತಿ ಸುಳ್ಳೂ ಅಲ್ಲ. ಅಭಿಮಾನಿ ಊಹಿಸಿ ಬರೆದ ತಿರುವು ನಾಳೆ ಲೇಖಕರ ಮುಂದಿನ ಪುಸ್ತಕದಲ್ಲೂ ಕಂಡರೆ ‘ನನ್ನದನ್ನು ಕದ್ದರು’ ಎಂಬ ಆರೋಪ ಬರಬಹುದು. ಆದರೆ ಕಾನೂನು ಏನನ್ನು ಕಳವು ಎನ್ನುತ್ತದೆ ಎಂಬುದನ್ನು ನೋಡಬೇಕು. 1978ರಲ್ಲಿ ಆರ್.ಜಿ. ಆನಂದ್ ಮತ್ತು ಡೀಲಕ್ಸ್ ಫಿಲ್ಮ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಂದಿಗೂ ಈ ವಿಷಯದಲ್ಲಿ ಆಧಾರ. ‘ಹಮ್ ಹಿಂದೂಸ್ತಾನಿ’ ಎಂಬ ನಾಟಕಕ್ಕೂ ‘ನ್ಯೂ ಡೆಲ್ಲಿ’ ಎಂಬ ಸಿನಿಮಾಕ್ಕೂ ಇದ್ದ ಹೋಲಿಕೆ ಅಲ್ಲಿನ ವಿವಾದ. ಆಲೋಚನೆ, ವಸ್ತು, ಕಥಾಹಂದರಕ್ಕೆ ಕೃತಿಸ್ವಾಮ್ಯವಿಲ್ಲ. ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಇದೆ ಎಂದು ನ್ಯಾಯಾಲಯ ಹೇಳಿತು. ಇಬ್ಬರಿಗೂ ಒಂದೇ ತಿರುವು ಹೊಳೆಯಿತು ಎಂಬಷ್ಟಕ್ಕೇ ಲೇಖಕರು ತಪ್ಪಿತಸ್ಥರಾಗುವುದಿಲ್ಲ. ಅಭಿಮಾನಿಯ ವಾಕ್ಯಗಳನ್ನು, ದೃಶ್ಯವನ್ನು ಕಟ್ಟಿದ ಕ್ರಮವನ್ನು ಹಾಗೆಯೇ ಎತ್ತಿಕೊಂಡರೆ ಮಾತು ಬೇರೆ. ಅದು ಯಾರು ಮಾಡಿದರೂ ತಪ್ಪೇ.

ಓದದಂತೆ ಎಚ್ಚರಿಸುವವರು ಹೆಚ್ಚಾಗಿ ಅಮೆರಿಕದ ಕಾದಂಬರಿಕಾರ್ತಿ ಮೇರಿಯನ್ ಜಿಮ್ಮರ್ ಬ್ರಾಡ್ಲಿ ಅವರ ಉದಾಹರಣೆ ಕೊಡುತ್ತಾರೆ. ಅಭಿಮಾನಿಯೊಬ್ಬರ ಜೊತೆಗಿನ ತಕರಾರಿನಿಂದಾಗಿ 1990ರ ದಶಕದ ಆರಂಭದಲ್ಲಿ ಅವರು ಒಂದು ಕಾದಂಬರಿಯನ್ನೇ ಕೈಬಿಟ್ಟದ್ದು ನಿಜ. ಆದರೆ ಆ ತಕರಾರು ನ್ಯಾಯಾಲಯದಲ್ಲಿ ತೀರ್ಮಾನವಾದದ್ದಲ್ಲ, ನಡೆದದ್ದೇನು ಎಂಬುದರಲ್ಲೂ ಎರಡು ಕಡೆಯವರ ಮಾತು ಹೊಂದುವುದಿಲ್ಲ. ಅದಕ್ಕೂ ಮೊದಲು ಬ್ರಾಡ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಡಾರ್ಕೋವರ್ ಲೋಕವನ್ನು ಇಟ್ಟುಕೊಂಡು ಬರೆದ ಅಭಿಮಾನಿಗಳ ಕಥೆಗಳನ್ನು ಓದಿ, ಆಯ್ದು, ಸಂಕಲನಗಳಾಗಿ ಪ್ರಕಟಿಸಿದ್ದರು. ಅಷ್ಟು ವರ್ಷದ ಓದು ಕೆಡುಕು ಮಾಡಿರಲಿಲ್ಲ. ಕೆಟ್ಟದ್ದು ಇಬ್ಬರ ನಡುವಿನ ಕರಾರು ಸ್ಪಷ್ಟವಾಗಿಲ್ಲದ ಒಂದು ಸಂದರ್ಭದಲ್ಲಿ. ‘ಬ್ಯಾಬಿಲಾನ್ 5’ ಧಾರಾವಾಹಿಯ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ಅವರಿಗೂ ಇಂಥದೇ ಇಕ್ಕಟ್ಟು ಬಂದಿತ್ತು. ಅಭಿಮಾನಿಯೊಬ್ಬರು ಬಹಿರಂಗವಾಗಿ ಬರೆದ ಊಹೆ ಅವರ ಕಥೆಗೆ ಹತ್ತಿರವಾಗಿತ್ತು. ಅವರು ಆ ಕಂತನ್ನು ತಡೆಹಿಡಿದರು. ಅಭಿಮಾನಿ ಲಿಖಿತ ಒಪ್ಪಿಗೆ ಕೊಟ್ಟರು, 1995ರಲ್ಲಿ ಕಂತು ಪ್ರಸಾರವಾಯಿತು. ಒಂದು ಸಹಿ ಆ ಗಂಟನ್ನು ಬಿಡಿಸಿತು.

ಇನ್ನೂ ಹಳೆಯ ಸಾಕ್ಷ್ಯ ಆರ್ಥರ್ ಕಾನನ್ ಡಾಯ್ಲ್ ಅವರದು. ಆರ್ಥರ್ ವಿಟೇಕರ್ ಎಂಬ ವಾಸ್ತುಶಿಲ್ಪಿ ತಾನು ಬರೆದ ಷರ್ಲಾಕ್ ಹೋಮ್ಸ್ ಕಥೆಯನ್ನು ಡಾಯ್ಲ್‌ಗೆ ಕಳಿಸಿದರು. ಡಾಯ್ಲ್ ಓದಿದರು, ಹಣ ಕೊಟ್ಟು ಅದನ್ನು ಕೊಂಡು ಇಟ್ಟುಕೊಂಡರು, ಬಳಸಲಿಲ್ಲ. ಅವರು ತೀರಿಕೊಂಡ ಮೇಲೆ ಕಾಗದಪತ್ರಗಳ ನಡುವೆ ಸಿಕ್ಕ ಆ ಕಥೆ 1948ರಲ್ಲಿ ಡಾಯ್ಲ್ ಹೆಸರಿನಲ್ಲೇ ಅಚ್ಚಾಯಿತು. ಅದು ವಿಟೇಕರ್ ಬರೆದದ್ದು ಎಂದು ಸಾಬೀತಾದದ್ದು ಅವರ ಬಳಿ ಉಳಿದಿದ್ದ ಡಾಯ್ಲ್ ಪತ್ರದಿಂದ. ಓದಿದ ಲೇಖಕರಿಂದ ಗೊಂದಲ ಹುಟ್ಟಲಿಲ್ಲ. ಯಾರದೆಂಬ ಗುರುತಿಲ್ಲದೆ ಉಳಿದ ಹಸ್ತಪ್ರತಿಯಿಂದ ಹುಟ್ಟಿತು, ಒಂದು ಪತ್ರದಿಂದ ಬಗೆಹರಿಯಿತು.

ಕೇಸು ಗೆದ್ದರೂ ವರ್ಷಗಟ್ಟಲೆ ಅಲೆದಾಟ ತಪ್ಪದಲ್ಲ ಎಂದು ಕೇಳಬಹುದು. ಆ ಮಾತು ನ್ಯಾಯವಾದದ್ದು. ಆದರೆ ‘ನಾನು ಓದಿಯೇ ಇಲ್ಲ’ ಎಂಬ ಬಾಯಿಮಾತು ಅದಕ್ಕೆ ಗಟ್ಟಿ ರಕ್ಷಣೆಯಲ್ಲ. ಎಲ್ಲರ ಕಣ್ಣಿಗೂ ಬೀಳುವಂತೆ ಪ್ರಕಟವಾದದ್ದನ್ನು ಓದಿಲ್ಲ ಎಂದು ತೋರಿಸಿಕೊಡುವುದು ಸುಲಭವಲ್ಲ. ತಾರೀಖು ಹಾಕಿದ ಕರಡು, ಟಿಪ್ಪಣಿ ಪುಸ್ತಕ, ಪ್ರಕಾಶಕರಿಗೆ ಮೊದಲೇ ಕಳಿಸಿದ ಸಾರಾಂಶ, ಇವು ಹೆಚ್ಚು ಗಟ್ಟಿ.

ತಪ್ಪು ಕಲ್ಪನೆ 3: ಓದಿದರೆ ಲೇಖಕರ ಸ್ವಂತಿಕೆ ಕೆಡುತ್ತದೆ.

ಸತ್ಯ: ಸರ್ವಾಂಟಿಸ್ ‘ಡಾನ್ ಕ್ವಿಕ್ಸಾಟ್’ ಮೊದಲ ಭಾಗವನ್ನು 1605ರಲ್ಲಿ ಪ್ರಕಟಿಸಿದ. ಅವನು ಎರಡನೆಯ ಭಾಗ ಬರೆಯುತ್ತಿರುವಾಗಲೇ, 1614ರಲ್ಲಿ, ಅವೆಲ್ಲನೇಡ ಎಂಬ ಕಲ್ಪಿತ ಹೆಸರಿನಲ್ಲಿ ಯಾರೋ ಒಂದು ಎರಡನೆಯ ಭಾಗವನ್ನು ಹೊರತಂದರು. ಅದರ ಮುನ್ನುಡಿಯಲ್ಲಿ ಸರ್ವಾಂಟಿಸ್‌ನನ್ನು ಹೀಯಾಳಿಸಲೂ ಆಗಿತ್ತು. ಸರ್ವಾಂಟಿಸ್ ಅದನ್ನು ಕಾಣದವನಂತೆ ಇರಲಿಲ್ಲ. 1615ರಲ್ಲಿ ಬಂದ ಅವನ ಎರಡನೆಯ ಭಾಗದಲ್ಲಿ ಕಥಾನಾಯಕನ ಕಿವಿಗೇ ಆ ಹುಸಿ ಪುಸ್ತಕದ ಸುದ್ದಿ ಬೀಳುತ್ತದೆ. ಅದು ಹೇಳಿದ್ದನ್ನು ಸುಳ್ಳು ಮಾಡಲೆಂದೇ ಅವನು ಸಾರಗೋಸಾಕ್ಕೆ ಹೋಗುವುದನ್ನು ಬಿಟ್ಟು ಬಾರ್ಸಿಲೋನಾದ ಕಡೆ ತಿರುಗುತ್ತಾನೆ. ಇನ್ನೊಬ್ಬರ ಕೈಯಲ್ಲಿ ತನ್ನ ಪಾತ್ರ ಏನಾಯಿತು ಎಂದು ಕಂಡ ಲೇಖಕ ಅದು ನಿಜವಾಗಿ ಏನು ಎಂಬುದನ್ನು ಇನ್ನಷ್ಟು ಖಚಿತವಾಗಿ ಕಂಡುಕೊಂಡ.

ನಮ್ಮಲ್ಲಿ ತ.ರಾ. ಸುಬ್ಬರಾಯರ ಪ್ರಸಂಗವಿದೆ. ಅದು ಅಭಿಮಾನಿ ಬರಹವಲ್ಲ, ಅನುಮತಿ ಪಡೆದ ಸಿನಿಮಾ; ಆದರೂ ತನ್ನ ಪಾತ್ರ ಪರರ ಕೈಯಲ್ಲಿ ಬದಲಾದದ್ದನ್ನು ಲೇಖಕ ಎದುರಿಸಿದ ಬಗೆಗೆ ಅದು ಒಳ್ಳೆಯ ನಿದರ್ಶನ. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ಜನ ಮುಗಿಬಿದ್ದು ನೋಡಿದರು, ತರಾಸು ಮೆಚ್ಚಲಿಲ್ಲ. ನಾಗರಹಾವು ಕೇರೆಹಾವಾಯಿತು ಎಂಬರ್ಥದ ಅವರ ಮಾತು ಇಂದಿಗೂ ಜನರ ಬಾಯಲ್ಲಿದೆ. ನೋಡಿದ್ದರಿಂದ ಅವರ ಬರವಣಿಗೆ ಬತ್ತಿತೆ? ಹತ್ತು ವರ್ಷದ ನಂತರ, 1982ರಲ್ಲಿ, ‘ದುರ್ಗಾಸ್ತಮಾನ’ ಬಂತು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಇಲ್ಲಿ ಒಂದು ಆಕ್ಷೇಪವನ್ನು ಒಪ್ಪಬೇಕು. ಕಥೆ ಇನ್ನೂ ಮುಗಿಯದೆ ಕಂತು ಕಂತಾಗಿ ಬರೆಯುತ್ತಿರುವವರಿಗೆ, ಅದರಲ್ಲೂ ಹೊಸ ಲೇಖಕರಿಗೆ, ಸಾವಿರ ಜನರ ಊಹೆಗಳು ಒತ್ತಡವಾಗುತ್ತವೆ. ಓದುಗರು ಊಹಿಸಿದರೆಂದು ಸರಿಯಾದ ಅಂತ್ಯವನ್ನು ಬಿಡುವುದು, ಅವರು ಬಯಸಿದರೆಂದು ಸಾಯಬೇಕಾದವನನ್ನು ಉಳಿಸುವುದು, ಎರಡೂ ಕೃತಿಗೆ ಮಾಡುವ ಅನ್ಯಾಯ. ಹಾಗಾಗಿ ಬರೆಯುತ್ತಿರುವ ಕಥೆಯ ಮುಂದಿನ ಭಾಗವನ್ನು ಊಹಿಸಿದ ಬರಹವನ್ನು ಅದು ಅಚ್ಚಿಗೆ ಹೋಗುವವರೆಗೆ ಓದದಿರುವುದು ವಿವೇಕ. ಇದು ಕಾಲದ ಮಾತಷ್ಟೆ. ಎಂದೆಂದೂ ಓದಬಾರದು ಎಂಬುದಕ್ಕೆ ಇದರಿಂದ ಆಧಾರ ಸಿಗುವುದಿಲ್ಲ.

ತಪ್ಪು ಕಲ್ಪನೆ 4: ಓದಿ ಸುಮ್ಮನಿದ್ದರೆ ಒಪ್ಪಿಗೆ ಕೊಟ್ಟಂತೆ, ಹಕ್ಕು ಬಿಟ್ಟುಕೊಟ್ಟಂತೆ.

ಸತ್ಯ: ಓದಿದ ಮಾತ್ರಕ್ಕೆ ಯಾವ ಹಕ್ಕೂ ಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರೂಪಾಂತರದ ಹಕ್ಕು ಮೂಲ ಹಕ್ಕುದಾರರದು. ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಅದು ಉಳಿಯುತ್ತದೆ. ಅಷ್ಟೇ ಅಲ್ಲ, ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ವಿಶೇಷ ಹಕ್ಕನ್ನು 57ನೇ ಸೆಕ್ಷನ್ ಲೇಖಕರಿಗೆ ಕೊಟ್ಟಿದೆ. ವಿರೂಪವಾಗಿದೆಯೇ ಎಂದು ಹೇಳಬೇಕಾದರೆ ಮೊದಲು ಓದಲೇಬೇಕು.

ಕಾನೂನು ಹಕ್ಕನ್ನು ಕಾಯುವಾಗಲೂ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ವಿವಾದದಲ್ಲಿ ಇದು ತಿಳಿಯುತ್ತದೆ. ಕಾರಂತರು ತೀರಿಕೊಂಡ ಮೇಲೆ, 2001ರಲ್ಲಿ, ದೆಹಲಿಯಲ್ಲಿ ನಡೆದ ‘ಅಭಿಮನ್ಯು ವಧೆ’ ಪ್ರದರ್ಶನದಿಂದ ಎದ್ದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2009ರ ತೀರ್ಪು ಕಾರಂತರ ಉಯಿಲಿನ ಮೂಲಕ ಬಂದ ಹಕ್ಕನ್ನು ಮಾನ್ಯ ಮಾಡಿತು. ಜೊತೆಗೆ 52ನೇ ಸೆಕ್ಷನ್ ವಿನಾಯಿತಿ ಕೊಡುವ ಬಗೆಯ ಪ್ರದರ್ಶನಗಳಿಗೆ ತಡೆ ಅನ್ವಯಿಸದು ಎಂದೂ ಹೇಳಿತು. ಹಣಕ್ಕಾಗಿ ಮಾಡುವುದಕ್ಕೂ ಪ್ರೀತಿಯಿಂದ, ಕಲಿಕೆಗಾಗಿ ಮಾಡುವುದಕ್ಕೂ ಇರುವ ವ್ಯತ್ಯಾಸ ಕಾನೂನಿಗೂ ಗೊತ್ತು. ಲೇಖಕರೂ ಇದನ್ನೇ ಮಾಡಬಹುದು: ಮಾರದಿದ್ದರೆ ಬರೆಯಿರಿ, ಮೂಲದ ಹೆಸರು ಹೇಳಿ, ನನ್ನ ಹೆಸರಿನಲ್ಲಿ ಹರಡಬೇಡಿ ಎಂದು ಮೊದಲೇ ತಿಳಿಸಿಬಿಡುವುದು. ಜೆ.ಕೆ. ರೌಲಿಂಗ್ ಹೆಚ್ಚುಕಡಿಮೆ ಈ ದಾರಿ ಹಿಡಿದರು, ಜಾರ್ಜ್ ಆರ್.ಆರ್. ಮಾರ್ಟಿನ್ ಒಪ್ಪುವುದಿಲ್ಲ ಎಂದು ನೇರವಾಗಿ ಹೇಳಿದರು. ನಿಲುವು ಯಾವುದಾದರೂ ಇರಲಿ, ಅದು ಓದುಗರಿಗೆ ತಿಳಿದಿರಬೇಕು.

ತಪ್ಪು ಕಲ್ಪನೆ 5: ಅಭಿಮಾನವಿಟ್ಟು ಬರೆದದ್ದನ್ನು ಓದದ ಲೇಖಕರು ಅಹಂಕಾರಿಗಳು.

ಸತ್ಯ: ಇದು ಎದುರು ದಿಕ್ಕಿನ ತಪ್ಪು. ಓದುವುದು ಲೇಖಕರ ಋಣವಲ್ಲ. ಸಮಯ, ಆರೋಗ್ಯ, ಮನಸ್ಸು ಯಾವ ಕಾರಣಕ್ಕಾದರೂ ಅವರು ಬೇಡವೆನ್ನಬಹುದು. ಅದಕ್ಕಿಂತ ಮುಖ್ಯವಾದ ಮಾತು ಅಭಿಮಾನಿ ಬರಹಗಾರರಿಗೆ ಸೇರಿದ್ದು. ಮೂಲ ಲೇಖಕರ ಮೆಚ್ಚುಗೆಗಾಗಿಯೇ ಬರೆದ ಬರಹ ಅಂಜಿ ನಡೆಯುತ್ತದೆ. ಹಲಗೆಯಾರ್ಯ ಮಹಾದೇವಯ್ಯನ ಒಪ್ಪಿಗೆಗೆ ಕಾದು ಕೂತಿದ್ದರೆ ಎರಡನೆಯ ಸಂಪಾದನೆ ಬರುತ್ತಿರಲಿಲ್ಲ, ಆ ಸಾಲಿನ ಕೊನೆಯಲ್ಲಿ ಗೂಳೂರಿನದೂ ಬರುತ್ತಿರಲಿಲ್ಲ. ಶರಣರು ಓದಲು ಉಳಿದಿರಲಿಲ್ಲ, ಬದುಕಿರುವ ಲೇಖಕರ ಪಾಡು ಬೇರೆ ಎನ್ನುವವರಿಗೆ ಉತ್ತರ ಇದು: ಬದುಕಿರುವವರ ಎದುರು ಸೌಜನ್ಯ ಹೆಚ್ಚು ಬೇಕು, ಧೈರ್ಯ ಕಡಿಮೆಯಾಗಬೇಕಿಲ್ಲ. ತನ್ನ ಕಥೆ ಯಾವ ಪುಸ್ತಕದಿಂದ ಹುಟ್ಟಿತು ಎಂದು ಮೊದಲ ಸಾಲಿನಲ್ಲೇ ಹೇಳುವುದು ಆ ಸೌಜನ್ಯ.

ಹಾಗಾದರೆ ಲೇಖಕರು ಓದಬೇಕೆ? ಓದಬಹುದು; ಕೃತಿ ಮುಗಿದ ಮೇಲೆ ಓದಿದರೆ ಲಾಭವೇ ಹೆಚ್ಚು. ವಿಮರ್ಶಕರು ಹೇಳದ ಒಂದು ಸಂಗತಿ ಅಭಿಮಾನಿ ಬರಹದಲ್ಲಿ ಸಿಗುತ್ತದೆ: ತನ್ನ ಪುಸ್ತಕದ ಯಾವ ಪಾತ್ರಕ್ಕೆ ಅನ್ಯಾಯವಾಯಿತೆಂದು ಜನರಿಗೆ ಅನಿಸಿದೆ, ಯಾವ ಮೌನ ಅವರನ್ನು ಕಾಡಿದೆ ಎಂಬ ಅರಿವು. ಸಿದ್ಧರಾಮನ ದೀಕ್ಷೆಯ ಬಗ್ಗೆ ಇಬ್ಬರು ಸಂಪಾದನಕಾರರು ಎದುರುಬದುರಾದದ್ದರಿಂದಲೇ ಆ ಪ್ರಶ್ನೆ ಎಷ್ಟು ದೊಡ್ಡದೆಂದು ನಮಗೆ ತಿಳಿದದ್ದು. ಓದಿದವರು ಓದಿದೆ ಎನ್ನಲಿ, ಪಡೆದವರು ಪಡೆದೆ ಎನ್ನಲಿ, ಒಪ್ಪದವರು ಕಾರಣ ಕೊಟ್ಟು ಒಪ್ಪಲಿಲ್ಲ ಎನ್ನಲಿ. ಇಷ್ಟು ಪಾಲಿಸಿದರೆ ಲೇಖಕರ ಹಕ್ಕು, ಓದುಗರ ಪ್ರೀತಿ ಎರಡಕ್ಕೂ ಧಕ್ಕೆ ಬರಬೇಕಾಗಿಲ್ಲ.