ಹೊಸ ಬ್ಯಾಟರಿಯೂ ಹಳೆಯ ತಂತಿಯೂ

ಮನೆಯಲ್ಲಿ ಇನ್ವರ್ಟರನ್ನಿಟ್ಟುಕೊಂಡಿರುವ ಗೃಹಸ್ಥರಿಗೆ ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿಯನ್ನು ಬದಲಾಯಿಸುವ ವೆಚ್ಚವು ತಪ್ಪಿದ್ದಲ್ಲ. ಬದಲಾಯಿಸಿದ ಮೇಲೆಯೂ ದೀಪವು ನಿಲ್ಲದೆ ಹೋದರೆ ಆಗುವ ಕ್ಲೇಶವು ಅನುಭವಿಸಿದವರಿಗೇ ಗೊತ್ತು. ಅಂತಹ ಸಮಯದಲ್ಲಿ ದೋಷವನ್ನು ಎಲ್ಲಿ ಹುಡುಕಬೇಕೆಂಬುದನ್ನು ನಾನು ಕಲಿತ ಬಗೆಯನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಅಕ್ಕನಿಗೆ ಉಬ್ಬಸದ ಬೇನೆ. ರಾತ್ರಿ ಉಸಿರು ಕಟ್ಟಿದರೆ, ಔಷಧವನ್ನು ಮಂಜಿನಂತೆ ಮಾಡಿ ಒದಗಿಸುವ ನೆಬುಲೈಸರ್ ಎಂಬ ಯಂತ್ರವೇ ಆಕೆಗೆ ಆಧಾರ. ಕಳೆದ ಮಳೆಗಾಲದಲ್ಲಿ ಹಳೆಯ ಬ್ಯಾಟರಿಯು ಕ್ಷೀಣವಾಯಿತೆಂದು ಹೊಸದನ್ನು ತರಿಸಿದೆನು. “ತಂತಿಗಳೂ ಹಳೆಯವಾಗಿವೆ, ಮೇಷ್ಟ್ರೇ, ಬದಲಾಯಿಸಿಬಿಡೋಣ” ಎಂದು ಅಂಗಡಿಯವರು ಹೇಳಿದರು. ಹಣ ಕೀಳುವ ಉಪಾಯವೆಂದು ಬಗೆದು ನಾನು ಒಪ್ಪಲಿಲ್ಲ. ಮೂರನೆಯ ರಾತ್ರಿ ವಿದ್ಯುತ್ತು ನಿಂತಿತು. ನೆಬುಲೈಸರನ್ನು ಹಚ್ಚಿದ ಎರಡು ನಿಮಿಷಗಳಲ್ಲಿಯೇ ಇನ್ವರ್ಟರು ಕೀರಲು ಸದ್ದು ಮಾಡಿ ಆರಿಹೋಯಿತು. ಅಕ್ಕನನ್ನು ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ, ಬೀಸಣಿಗೆ ಬೀಸುತ್ತ ಕತ್ತಲೆಯಲ್ಲಿ ಕಳೆದ ಆ ಮುಕ್ಕಾಲು ಗಂಟೆಯನ್ನು ನಾನು ಮರೆಯಲಾರೆನು. ಬೆಳಗಾಗುತ್ತಲೇ ಅಂಗಡಿಗೆ ಹೋಗಿ ನಾಲ್ಕು ಜನರೆದುರಿಗೆ ಕಠಿನವಾದ ಮಾತುಗಳನ್ನಾಡಿದೆನು.

ಅವರು ಮರುಮಾತಾಡದೆ ತಮ್ಮಲ್ಲಿ ಕೆಲಸ ಮಾಡುವ ಹುಡುಗನನ್ನು ಕಳುಹಿಸಿದರು. ಅವನು ತರ್ಕಶಾಸ್ತ್ರವನ್ನೋದಿದವನಲ್ಲ, ಆದರೆ ಅವನು ಮಾಡಿದುದು ಅನ್ವಯವ್ಯತಿರೇಕ ಪರೀಕ್ಷೆಯೇ ಸರಿ. ಮೊದಲು ಮೀಟರಿನಿಂದ ಬ್ಯಾಟರಿಯನ್ನು ಅಳೆದನು, 12.6 ವೋಲ್ಟು. ಪೂರ್ಣವಾಗಿ ತುಂಬಿ ಸುಮ್ಮನಿರುವ ಸೀಸದ ಬ್ಯಾಟರಿಗೆ ಇಷ್ಟೇ ಇರತಕ್ಕದ್ದು. ಬಳಿಕ ಮೇನ್ ಸ್ವಿಚ್ಚನ್ನು ತೆಗೆದು ಒಂದೇ ದೀಪವನ್ನು ಹಚ್ಚಿದನು, ಏನೂ ತೊಂದರೆಯಿಲ್ಲ. ಎರಡು ಫ್ಯಾನುಗಳನ್ನೂ ನೆಬುಲೈಸರನ್ನೂ ಹಚ್ಚಿಸಿದನು. ಕೂಡಲೆ ಅದೇ ಕೀರಲು ಸದ್ದು. ಆಗ ಬ್ಯಾಟರಿಯ ಬಳಿ 12.3 ವೋಲ್ಟಿದ್ದರೂ ಇನ್ವರ್ಟರಿನ ಬಳಿ ಇದ್ದುದು 10.7 ಮಾತ್ರ! ಉಳಿದುದೆಲ್ಲಿ? ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಟರ್ಮಿನಲ್ಲಿಗೂ ಇನ್ನೊಂದನ್ನು ಅದಕ್ಕೆ ಬಿಗಿದ ತಂತಿಯ ತುದಿಗೂ ಮುಟ್ಟಿಸಿದನು. ಕಾಣೆಯಾದ 1.6 ವೋಲ್ಟು ಅಲ್ಲಿಯೇ ಸಿಕ್ಕಿತು. ನಟ್ಟನ್ನು ಬಿಚ್ಚಿದರೆ ತಂತಿಯ ತುದಿಗೆ ಬಿಳಿಯ ಕಿಲುಬು ಹತ್ತಿತ್ತು.

ಇದರ ಕಾರಣವು ಸರಳವಾದುದು. 12 ವೋಲ್ಟಿನ ಬ್ಯಾಟರಿಯಿಂದ 300 ವಾಟಿನ ಕೆಲಸ ತೆಗೆಯಬೇಕಾದರೆ 25 ಆಂಪಿಯರಿಗೂ ಮಿಕ್ಕ ಪ್ರವಾಹವು ಹರಿಯಬೇಕು. ಕಿಲುಬಿನ ಅಡ್ಡಿಯು ಓಮಿನ ಇಪ್ಪತ್ತನೆಯ ಒಂದಂಶದಷ್ಟೇ ಇದ್ದರೂ, 30 ಆಂಪಿಯರು ಹರಿಯುವಾಗ ಒಂದೂವರೆ ವೋಲ್ಟನ್ನು ಅದು ನುಂಗುವುದು. ಒಂಟಿ ದೀಪಕ್ಕೆ ಒಂದು ಆಂಪಿಯರು ಸಾಕಾದುದರಿಂದ ದೋಷವು ತೋರದು. ವೋಲ್ಟೇಜು 10.5ರ ಸಮೀಪಕ್ಕಿಳಿದರೆ, ಬ್ಯಾಟರಿ ಬರಿದಾಯಿತೆಂದು ತಿಳಿದು ಇನ್ವರ್ಟರು ತಾನಾಗಿಯೇ ನಿಲ್ಲುವುದು. ಕಣಜವು ತುಂಬಿದ್ದರೂ ಬಾಗಿಲು ಇಕ್ಕಟ್ಟಾದಂತೆ ಇದು.

ಇತರ ದೋಷಗಳೂ ಇರಬಹುದು. ಹೊಸ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸದಿರುವುದು. ಬ್ಯಾಟರಿಯ ಜಾತಿಯನ್ನು ಸೂಚಿಸುವ ಗುಂಡಿಯನ್ನು ಹೊಸದಕ್ಕೆ ತಕ್ಕಂತೆ ಬದಲಾಯಿಸದಿರುವುದು. ಎರಡು ಬ್ಯಾಟರಿಗಳಿರುವ ಕಡೆ ಒಂದನ್ನು ಮಾತ್ರ ಹೊಸದಾಗಿಸಿ ಹಳೆಯದರೊಡನೆ ಜೋಡಿಸುವುದು. ಧನ ಋಣಗಳನ್ನು ಅದಲುಬದಲು ಮಾಡಿ ಫ್ಯೂಸನ್ನು ಸುಡುವುದು. ಇವುಗಳನ್ನೆಲ್ಲ ಪರೀಕ್ಷಿಸದೆ ಬ್ಯಾಟರಿಯನ್ನು ಹಳಿಯಬಾರದು.

ಶುದ್ಧಮಾಡುವ ಕೆಲಸವನ್ನು ಬಲ್ಲವರಿಂದಲೇ ಮಾಡಿಸುವುದು ಲೇಸು. ಇನ್ವರ್ಟರನ್ನೂ ಅದರ ಪ್ಲಗ್ಗನ್ನೂ ತೆಗೆದು, ಕೈಯ ಉಂಗುರ ಬಳೆಗಳನ್ನು ಕಳಚಿಟ್ಟು, ಋಣದ ತಂತಿಯನ್ನು ಮೊದಲು ಬಿಚ್ಚಬೇಕು. ಜೋಡಿಸುವಾಗ ಅದನ್ನೇ ಕಡೆಗೆ ಜೋಡಿಸಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕವು ಹೊತ್ತಿಕೊಳ್ಳುವಂತಹುದು. ಆದುದರಿಂದ ಹತ್ತಿರದಲ್ಲಿ ಹಣತೆಯನ್ನಾಗಲಿ ಊದಿನಕಡ್ಡಿಯನ್ನಾಗಲಿ ಹಚ್ಚಕೂಡದು. ಕಿಲುಬು ಹತ್ತಿದ ತಂತಿಯ ತುದಿಯನ್ನು ಅಡಿಗೆಸೋಡ ಬೆರೆಸಿದ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನನ್ನು ಸವರಬೇಕು. ಸೋಡದ ನೀರು ಬ್ಯಾಟರಿಯ ಒಳಗೆ ಬೀಳಬಾರದು.

ನಾವು ಹೊಸ ತಂತಿಗಳನ್ನೇ ಹಾಕಿಸಿದೆವು. ಅಂದು ಸಂಜೆ ಅಂಗಡಿಗೆ ಹೋಗಿ, ಜನರಿದ್ದಾಗಲೇ ತಪ್ಪು ನನ್ನದೆಂದು ಒಪ್ಪಿಕೊಂಡೆನು. ಅವರು ನಕ್ಕು, “ಅಕ್ಕಾವ್ರು ಹೇಗಿದಾರೆ?” ಎಂದಷ್ಟೇ ಕೇಳಿದರು.

ಈಗ ತಿಂಗಳಿಗೊಮ್ಮೆ ಹಗಲಿನಲ್ಲಿಯೇ ಮೇನ್ ಸ್ವಿಚ್ಚನ್ನು ತೆಗೆದು, ಫ್ಯಾನುಗಳೊಡನೆ ಅಕ್ಕನ ಯಂತ್ರವನ್ನು ಹತ್ತು ನಿಮಿಷ ನಡೆಸಿ ನೋಡುತ್ತೇವೆ. ರೋಗಿಗಳಿರುವ ಮನೆಯವರೆಲ್ಲರೂ ಹೀಗೆ ಮಾಡುವುದು ಒಳ್ಳೆಯದು. ಹಗಲು ಕಂಡ ದೋಷಕ್ಕೆ ಪರಿಹಾರವುಂಟು.