ಮರಳಿ ಬಾರದ ಪಾತ್ರೆಗಳು

ಮದುವೆಮನೆಯ ಉಗ್ರಾಣವನ್ನು ಕಾಣದ ವಾಚಕರು ವಿರಳ. ಅಡಿಗೆಯವನು ಪಂಕ್ತಿಗೆ ಬೇಕಾದ ಪಾತ್ರೆಗಳನ್ನು ಪಡೆದು, ಕೆಲಸ ತೀರಿದೊಡನೆ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ಪಂಕ್ತಿಗೊಂದು ಪಾತ್ರೆ ಹಿಂದಿರುಗದಿದ್ದರೆ ಮೊದಮೊದಲು ಯಾರಿಗೂ ತಿಳಿಯದು. ಕಡೆಗೆ ಉಗ್ರಾಣವೇ ಬರಿದಾಗುವುದು. ಕಂಪ್ಯೂಟರುಗಳಿಗೆ ತಗಲುವ ‘ಮೆಮೊರಿ ಲೀಕ್’ ಎಂಬ ವ್ಯಾಧಿಯೂ ಇಂಥದೇ. ಪ್ರೋಗ್ರಾಮು ತನ್ನ ಕೆಲಸಕ್ಕೆಂದು ಪಡೆದ ಮೆಮೊರಿಯನ್ನು ಮರಳಿಸಲು ಮರೆಯುವುದೇ ಈ ವ್ಯಾಧಿ.

ಕಳೆದ ಮಳೆಗಾಲದಲ್ಲಿ ಶಿವಮೊಗ್ಗೆಯ ಮಿತ್ರರೊಬ್ಬರ ರಕ್ತಪರೀಕ್ಷಾಲಯದಲ್ಲಿ ಇದನ್ನು ನಾವು ಕಣ್ಣಾರೆ ಕಂಡೆವು. ಪರೀಕ್ಷೆಯ ವರದಿಗಳನ್ನು ಭದ್ರಾವತಿಯ ವೈದ್ಯರಿಗೆ ಕಳುಹುವ ಕಾರ್ಯವನ್ನು ಅಲ್ಲಿಯ ಸರ್ವರಿನಲ್ಲಿ ತೆರೆಯ ಮರೆಯಲ್ಲಿ ಹಗಲಿರುಳೂ ದುಡಿಯುವ ಪ್ರೋಗ್ರಾಮೊಂದು ಮಾಡುತ್ತಿದ್ದಿತು. ಇಂಥವನ್ನು ಬಲ್ಲವರು ‘ಡೀಮನ್’ ಎನ್ನುವರು. ಒಂದು ರಾತ್ರಿ ಅದು ನಿಂತುಹೋಯಿತು. ಜ್ವರದಿಂದ ಮಲಗಿದ್ದ ಮಗುವಿನ ತಂದೆಯು ವರದಿಗಾಗಿ ಬೆಳಗಿನ ಬಸ್ಸಿನಲ್ಲಿ ಭದ್ರಾವತಿಯಿಂದ ಓಡಿಬರಬೇಕಾಯಿತು. ನೌಕರನು ಪ್ರೋಗ್ರಾಮನ್ನು ಮತ್ತೆ ನಡೆಯಿಸಿದನು. ಎಲ್ಲವೂ ಸರಿಯಾದಂತೆ ತೋರಿತು. ಕೆಲವು ದಿನಗಳಲ್ಲಿ ಮತ್ತೆ ಅದೇ ಗತಿ!

ಇದನ್ನು ಅಲ್ಪವೆಂದು ಬಗೆಯಲಾಗದು. ಲಂಡನ್ ನಗರದ ಆಂಬುಲೆನ್ಸ್ ವ್ಯವಸ್ಥೆಯ ಸರ್ವರು 1992ನೆಯ ನವೆಂಬರ್ 4ರ ಬೆಳಗಿನ ಜಾವದಲ್ಲಿ ಕುಸಿಯಿತು. ಒಂದೊಂದು ವಾಹನವನ್ನು ಹೊರಡಿಸಿದಾಗಲೂ ಕೊಂಚ ಮೆಮೊರಿ ಮರಳದೆ ಉಳಿದು, ಸುಮಾರು 3 ವಾರಗಳಲ್ಲಿ ಎಲ್ಲವೂ ತೀರಿಹೋಗಿದ್ದಿತೆಂದು ವಿಚಾರಣೆಯಲ್ಲಿ ಹೊರಬಿದ್ದಿತು.

ನಮ್ಮ ಮಿತ್ರರು ಈ ಬಾರಿ ಅವಸರಪಡಲಿಲ್ಲ. ಗಂಟೆಗೊಮ್ಮೆ ಆ ಪ್ರೋಗ್ರಾಮು ಹಿಡಿದಿರುವ ಮೆಮೊರಿ ಎಷ್ಟೆಂದು ಬರೆದಿಡಿಸಿದರು. ಪಕ್ಕದಲ್ಲಿಯೇ ಕಳುಹಿದ ವರದಿಗಳ ಸಂಖ್ಯೆ. ವಿಚಿತ್ರವೇನೆಂದರೆ, ವರದಿಗಳು ಹೆಚ್ಚಿದ ದಿನವೆಲ್ಲ ಮೆಮೊರಿಯ ಲೆಕ್ಕ ಏರಲಿಲ್ಲ. ಮಳೆ ಜೋರಾಗಿ ಸುರಿದು ಸಂಪರ್ಕದ ತಂತಿ ಪದೇ ಪದೇ ಕಡಿದ ದಿನ ಮಾತ್ರ ಏರಿತು, ಮತ್ತೆ ಇಳಿಯಲೇ ಇಲ್ಲ. ಸುಳಿವು ಸಿಕ್ಕಿತು.

ಬಳಿಕ ಬೇರೊಂದು ಯಂತ್ರದಲ್ಲಿ ಅದರ ಪ್ರತಿಯನ್ನು ‘ವಾಲ್‌ಗ್ರಿಂಡ್’ ಎಂಬ ಉಪಕರಣದ ಕಣ್ಗಾವಲಿನಲ್ಲಿ ನಡೆಯಿಸಿದರು. ಪಡೆದ ಮೆಮೊರಿಯಲ್ಲಿ ಹಿಂದಿರುಗದುದೆಷ್ಟು, ಅದನ್ನು ಪಡೆದದ್ದು ಯಾವ ಸಾಲಿನಲ್ಲಿ ಎಂಬುದನ್ನು ಅದು ತೋರಿಸುವುದು. ವರದಿಗಳು ಸರಿಯಾಗಿ ತಲಪಿದಾಗ ಸೋರಿಕೆಯೇ ಇಲ್ಲ. ಬೇಕೆಂದೇ ತಂತಿಯನ್ನು ಕಿತ್ತಾಗ ದೋಷವು ಬಯಲಾಯಿತು. ಕಳುಹುವ ಯತ್ನ ವಿಫಲವಾದರೆ ಪ್ರೋಗ್ರಾಮು ವರದಿಯ ಪ್ರತಿಯನ್ನು ಕೈಬಿಡದೆ, ಮರುಯತ್ನಕ್ಕೆ ಹೊಸದೊಂದು ಪ್ರತಿಯನ್ನು ಮಾಡಿಕೊಳ್ಳುತ್ತಿದ್ದಿತು. ಒಂದು ಸಾಲನ್ನು ಸೇರಿಸಿದರು, ತಂತಿ ಕಿತ್ತು ಮತ್ತೊಮ್ಮೆ ಪರೀಕ್ಷಿಸಿದರು, ಸೋರಿಕೆ ನಿಂತಿದ್ದಿತು.

ನಿಂತ ಪ್ರೋಗ್ರಾಮನ್ನು ಮತ್ತೆ ನಡೆಯಿಸುವುದು ಉಪಶಮನವೇ ಹೊರತು ಚಿಕಿತ್ಸೆಯಲ್ಲ. ಅದರಿಂದ ರೋಗದ ಕುರುಹೂ ಅಳಿಸಿಹೋಗುವುದು. ಉಗ್ರಾಣ ಬರಿದಾದಾಗ ಹೊಸ ಪಾತ್ರೆಗಳನ್ನು ತರಿಸುವ ಮುನ್ನ, ಹಳೆಯವು ಯಾವ ಪಂಕ್ತಿಯಲ್ಲಿ ಉಳಿದುವೆಂದು ಕೇಳುವ ಗೃಹಿಣಿಗೆ ಇದನ್ನು ನಾವು ಹೇಳಿಕೊಡಬೇಕಾದುದಿಲ್ಲ.